ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಕಾರ್ ರೇಸಿಂಗ್‌ಗೆ ನಿಕಲ್ ಬ್ಯಾಟರಿಯೋ, ಲಿಪೋನೋ?

ರೇಸಿಗೆ ಇಳಿಯುವುದೇ ಆದರೆ ನನ್ನ ಮತ ಲಿಪೋಗೆ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಗೆ. ಎರಡು ಸೆಲ್‌ನ ಲಿಪೋ 7.4 ವೋಲ್ಟ್, ಆರು ಸೆಲ್‌ನ ನಿಕಲ್ ಮೆಟಲ್ ಹೈಡ್ರೈಡ್ 7.2, ಅಂಕಿಯಲ್ಲಿ ವ್ಯತ್ಯಾಸ ಅಲ್ಪ. ಟ್ರ್ಯಾಕಿನಲ್ಲಿ ಹಾಗಲ್ಲ: ಲಿಪೋ ಹಗುರ, ಥ್ರಾಟಲ್ ಒತ್ತಿದಾಗ ವೋಲ್ಟೇಜ್ ಕುಸಿಯುವುದು ಕಡಿಮೆ, ಕೊನೆಯ ಲ್ಯಾಪ್‌ಗಳಲ್ಲೂ ಎಳೆತ ಉಳಿದಿರುತ್ತದೆ.

ಆದರೆ ಅದು ಶಿಸ್ತು ಕೇಳುತ್ತದೆ. ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಚಾರ್ಜಿಂಗ್‌ನ 1ಸಿ ದರವೆಂದರೆ ಪ್ಯಾಕಿನ ಸಾಮರ್ಥ್ಯಕ್ಕೆ ಸಮನಾದ ಕರೆಂಟ್: 5000 ಎಂಎಎಚ್ (ಮಿಲಿಆಂಪಿಯರ್-ಅವರ್) ಪ್ಯಾಕಿಗೆ 5 ಆಂಪಿಯರ್. ಪ್ರತಿ ಸೆಲ್ 4.2 ವೋಲ್ಟ್ ದಾಟಬಾರದು, ಓಟದಲ್ಲಿ 3ಕ್ಕಿಂತ ಕೆಳಗಿಳಿಯಬಾರದು, ಎತ್ತಿಡುವಾಗ 3.8ರ ಆಸುಪಾಸು. ಉಬ್ಬಿದ ಪ್ಯಾಕನ್ನು ದಯವಿಟ್ಟು ಮತ್ತೆ ಚಾರ್ಜಿಗೆ ಹಾಕಬೇಡಿ.

ಮಕ್ಕಳ ಕೈಗೆ, ಹೊಸಬರ ಅಭ್ಯಾಸಕ್ಕೆ ನಿಕಲ್ ಸಾಕು. ಒರಟು ಬಳಕೆಯನ್ನು ತಾಳಿಕೊಳ್ಳುತ್ತದೆ. ತುಂಬಿದ್ದನ್ನು ಗುರುತಿಸಿ ತಾನೇ ನಿಲ್ಲುವ ಚಾರ್ಜರ್ ಇರಲಿ. ಲಿಪೋವನ್ನು ನಿಕಲ್ ಮೋಡ್‌ನಲ್ಲಿ ಚಾರ್ಜ್ ಮಾಡಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಪ್ರತಿ ಸಲವೂ ಮೋಡ್ ನೋಡಿಕೊಳ್ಳಿ.