ಮುಂಬಯಿಯ ಕಿರುಪ್ರವಾಸ: ಮಾಟುಂಗದ ಊಟ, ಘಾರಾಪುರಿಯ ಗುಹೆ

ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಕೊಂಕಣ ರೈಲುಮಾರ್ಗವಾಗಿ ನೇರವಾಗಿ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪಬಹುದಾದ್ದರಿಂದ, ನಮ್ಮ ಕಾಸರಗೋಡಿನವರಿಗೆ ಮುಂಬಯಿಯ ಕಿರುಪ್ರವಾಸ ಕಷ್ಟವೇನಲ್ಲ. ಹಾಗೆ ಹೋದವರು ಒಂದು ಹೊತ್ತಿನ ಊಟವನ್ನಾದರೂ ಮಾಟುಂಗದಲ್ಲಿ ಮಾಡಲೇಬೇಕು.

ಮಧ್ಯ ರೈಲ್ವೆಯ ಮಾಟುಂಗ ನಿಲ್ದಾಣದ ಬಳಿ, ಮಾರುಕಟ್ಟೆ ಕಟ್ಟಡದ ಮಹಡಿಯಲ್ಲಿರುವ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಆರಂಭವಾದದ್ದು. ಬಾಳೆಲೆಯ ತುದಿಯಲ್ಲಿ ಉಪ್ಪಿನಕಾಯಿ, ಪಕ್ಕದಲ್ಲಿ ಪಲ್ಯ, ನಡುವೆ ಹಬೆಯಾಡುವ ಅನ್ನ. ಅದರ ಗುಂಡಿಗೆ ಸುರಿದ ತಿಳಿಸಾರಿನಲ್ಲಿ ಇಂಗು ಮತ್ತು ಕೊತ್ತಂಬರಿಯ ಪರಿಮಳ ಹದವಾಗಿ ಬೆರೆತಿತ್ತು. ಎಣ್ಣೆಯ ಜಿಡ್ಡಾಗಲಿ, ಮಸಾಲೆಯ ಅಬ್ಬರವಾಗಲಿ ಇಲ್ಲದ ಇಂಥ ಊಟವನ್ನು ಅಷ್ಟು ದೊಡ್ಡ ನಗರದಲ್ಲಿ ಉಳಿಸಿಕೊಂಡು ಬಂದಿರುವುದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ. ರಜಾದಿನಗಳಲ್ಲಿ ಜನ ಹೆಚ್ಚು, ಆದಷ್ಟು ಬೇಗ ಹೋಗುವುದು ಒಳ್ಳೆಯದು.

ನೋಡುವ ಸ್ಥಳಗಳಲ್ಲಿ ನನ್ನ ಮೊದಲ ಆಯ್ಕೆ ಘಾರಾಪುರಿ, ಅಂದರೆ ಎಲಿಫೆಂಟಾ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಗುಹೆಗಳಿಗೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪಯಣ. ಸುಮಾರು 20 ಅಡಿ ಎತ್ತರದ ಸದಾಶಿವನ ಮುಂದೆ ನಿಂತಾಗ, ನಡುವಿನ ಮುಖದ ಮುಚ್ಚಿದ ಕಣ್ಣುಗಳಿಂದ ದೃಷ್ಟಿ ಕೀಳಲಾಗುವುದಿಲ್ಲ. ಮೆಟ್ಟಿಲುಗಳು ನೂರಕ್ಕೂ ಹೆಚ್ಚಿರುವುದರಿಂದ ಮೊಣಕಾಲು ನೋವಿರುವ ಹಿರಿಯರಿಗೆ ಈ ಭಾಗ ಸೂಕ್ತವಲ್ಲ. ಅಂಥವರಿಗೆ 1924ರ ಗೇಟ್‌ವೇ ಮತ್ತು ಸಮೀಪದ ವಸ್ತುಸಂಗ್ರಹಾಲಯವೇ ಸಾಕು. ಸೋಮವಾರ ಗುಹೆಗಳಿಗೆ ಪ್ರವೇಶವಿಲ್ಲವಾದ್ದರಿಂದ ರೈಲಿನ ಟಿಕೆಟನ್ನು ಅದಕ್ಕೆ ಹೊಂದುವಂತೆ ಕಾದಿರಿಸಿಕೊಳ್ಳಿ.