ಅಘನಾಶಿನಿ–ತದಡಿ ತಾರಿ: ಐದಕ್ಕೆ ಐದು, ಜನರಿಗಾಗಿ

ಹೋದ ದೀಪಾವಳಿಗೆ ತಂಗಿಯ ಮಗ ಊರಿಗೆ ಬಂದಿದ್ದ. ಮುಂಬೈಯಿಂದ ಗೋವಾಕ್ಕೆ ಕ್ರೂಸ್ ಹಡಗಿನಲ್ಲಿ ಹೋಗಿ ಬಂದ ಫೋಟೋಗಳನ್ನು ತೋರಿಸಿದ. ಈಜುಕೊಳ, ದೀಪಗಳು, ಬಗೆಬಗೆಯ ಊಟ. ನನಗೆ ಹಿಡಿಸಿದ್ದು ಅವನು ಕೊನೆಗೆ ಹೇಳಿದ ಒಂದು ಮಾತು. ಅವನ ಊಟದ ಮೇಜಿನಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರಂತೆ. ಅವರು ಅದೇ ಹಡಗಿಗೆ ಮತ್ತೆ ಮತ್ತೆ ಬರುವವರು. ಊರು ನೋಡಲಿಕ್ಕೆ ಬರುವುದಲ್ಲ, ಹಿಂದಿನ ಸಲ ಸಿಕ್ಕ ಗೆಳೆಯರು ಮತ್ತೆ ಸಿಗುತ್ತಾರೆ ಅಂತ. ಆ ಗೆಳೆಯರಲ್ಲಿ ಒಬ್ಬರು ತೀರಿಕೊಂಡಿದ್ದರಂತೆ. ಅವರ ಪಾಲಿನ ಶರಬತ್ತನ್ನೂ ತರಿಸಿ ಮೇಜಿನ ಮೇಲೆ ಇಟ್ಟಿದ್ದರು.

"ವಿಚಿತ್ರ ಅಲ್ವಾ ದೊಡ್ಡಮ್ಮ?" ಅಂದ.

ನನಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಹೊಳೆ ದಾಟಿಸುವ ದೋಣಿ ಇದೆಯಲ್ಲ, ನಮ್ಮ ತಾರಿ, ಅದರಲ್ಲೂ ಹಾಗೇ. ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ದಾರಿ ಹೇಳಿಬಿಡುತ್ತೇನೆ. ಕುಮಟಾದಿಂದ ಬಾಡ, ಕಾಗಾಲ ಕಡೆ ಬಂದರೆ ಅಘನಾಶಿನಿ ಊರು. ಶಿರಸಿ ಹತ್ತಿರ ಹುಟ್ಟಿದ ಹೊಳೆ ಎಲ್ಲೂ ಅಣೆಕಟ್ಟು ಕಾಣದೆ ಇಲ್ಲಿಗೆ ಬಂದು ಸಮುದ್ರ ಸೇರುತ್ತದೆ. ಆಚೆ ದಡ ತದಡಿ, ಅಲ್ಲಿಂದ ಮುಂದೆ ಗೋಕರ್ಣ. ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿಯಲ್ಲಿ ಮಿರ್ಜಾನ್ ಮೇಲೆ ಸುತ್ತಿದರೆ 30 ಕಿಲೋಮೀಟರ್‌ಗಿಂತ ಜಾಸ್ತಿ. ತಾರಿಯಲ್ಲಿ ಹೊಳೆ ದಾಟಲು ಹತ್ತು-ಹದಿನೈದು ನಿಮಿಷ ಸಾಕು. ಬೈಕು, ಸ್ಕೂಟರನ್ನೂ ಹತ್ತಿಸಿಕೊಳ್ಳುತ್ತಾರೆ. ತದಡಿಗೆ ಹೋಗುವಾಗ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ಚಿಲ್ಲರೆ ಇಟ್ಟುಕೊಳ್ಳಿ. ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಬೆಳಗ್ಗೆಯೇ ಕೇಳಿಕೊಳ್ಳಿ.

ನಾನು ಆಚೆ ದಡದ ಶಾಲೆಯಲ್ಲಿ 14 ವರ್ಷ ಅಕ್ಕೋರಾಗಿದ್ದೆ. ದಿನಕ್ಕೆ ಎರಡು ಸಲ ದಾಟುವುದು. ನಿವೃತ್ತಿಯಾದ ಮೇಲೂ ಪ್ರತಿ ಸೋಮವಾರ ಮಹಾಬಲೇಶ್ವರನ ದರ್ಶನಕ್ಕೆ ಹೋಗುತ್ತೇನೆ. ಬೆಳಗಿನ ಅದೇ ದೋಣಿ, ಹೆಚ್ಚು ಕಡಿಮೆ ಅದೇ ಜನ.

ಬಸ್ಸಿನಲ್ಲಿ ಎಲ್ಲರೂ ಮುಂದೆ ನೋಡಿಕೊಂಡು ಕೂರುತ್ತಾರೆ. ದೋಣಿಯಲ್ಲಿ ಹಾಗಾಗುವುದಿಲ್ಲ. ಎದುರು ಬದುರು ಕೂರಬೇಕು, ನಿಂತರೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಎರಡು ದಿನ ಸುಮ್ನೆ ಇರಬಹುದು. ಮೂರನೇ ದಿನ ಯಾರೋ "ಎಂತಾ ಅಕ್ಕೋರೇ, ಇವತ್ತು ಚೀಲ ಭಾರ ಇದೆ?" ಅಂತ ಕೇಳೇ ಕೇಳುತ್ತಾರೆ. ನಾನು ಮೀನು ತಿನ್ನುವವಳಲ್ಲ. ಆದರೂ ಯಾವ ತಿಂಗಳಲ್ಲಿ ಬಂಗಡೆ ಜಾಸ್ತಿ, ಶೆಟ್ಲಿ (ಸಿಗಡಿ) ಹೇಗೆ ಸೋಸಬೇಕು ಎಲ್ಲಾ ಬಾಯಿಪಾಠ. ಮೀನಿನ ಬುಟ್ಟಿಯ ಅಕ್ಕ ಕಲಿಸಿದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ? ಆಗ ಅವಳು ಒಣಮೀನು ಹೊರುತ್ತಾಳೆ. ಆ ಎರಡು ತಿಂಗಳು ಅವಳು ದೋಣಿಯ ಹಿಂದಿನ ಮೂಲೆಗೆ ಹೋಗಿ ಕೂರುತ್ತಾಳೆ. "ನಮ್ ಅಕ್ಕೋರಿಗೆ ವಾಸನೆ ಆಗ್ತದೆ." ಹಾಗಂತ ನಾನು ಒಂದು ದಿನವೂ ಹೇಳಿದವಳಲ್ಲ.

ದೋಣಿಯಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ. ಬೇಸಿಗೆಯಲ್ಲಿ ಕುಮಟಾದ ಸಿಹಿ ಈರುಳ್ಳಿಯ ಗೊಂಚಲುಗಳನ್ನು ಹೆಗಲ ಮೇಲೆ ಹಾಕಿಕೊಂಡು ಬರುವವರು "ಹಾರದ ಗೌಡ್ರು". ಅವರು ಕಾಲಿಡುತ್ತಲೇ "ಇವತ್ತು ಯಾರ ಸನ್ಮಾನ ಗೌಡ್ರೇ?" ಅನ್ನುವುದು ವಾಡಿಕೆ. ಪ್ರತಿ ಸಲ ಅದೇ ಪ್ರಶ್ನೆ, ಪ್ರತಿ ಸಲ ಎಲ್ಲರಿಗೂ ನಗು. ಅಳಿವೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರು ಒಬ್ಬರಿದ್ದಾರೆ. ಅದು ಉಪ್ಪುನೀರು ತಡೆದುಕೊಳ್ಳುವ ಭತ್ತ. ಅವರನ್ನು "ಉಪ್ಪಿನ ಮಾವ" ಅನ್ನುತ್ತೇವೆ. ನಮ್ಮ ಮನೆಯಲ್ಲಿ ಅಮ್ಮನಿಗೆ ಜ್ವರ ಬಂದಾಗ ಗಂಜಿಗೆ ಅಂತ ಎರಡು ಸೇರು ಅಕ್ಕಿ ತಂದು ಕೊಟ್ಟು, ದುಡ್ಡು ಕೊಡಹೋದರೆ ಸಿಟ್ಟು ಮಾಡಿಕೊಂಡವರು.

ಎಲ್ಲರಿಗಿಂತ ದೊಡ್ಡ ಹೆಸರು "ಹವಾಮಾನ ಇಲಾಖೆ"ಯದ್ದು. ಎಪ್ಪತ್ತು ದಾಟಿದ ಅಜ್ಜ. ತದಡಿಯಲ್ಲಿ ಬಲೆ ಹೆಣೆಯುವ ಕೆಲಸ. ಕಪ್ಪು ಕೊಡೆ, ಮಡಚಿದ ಪಂಚೆ. ದೋಣಿ ಬಿಡುವ ಹೊತ್ತಿಗೆ ಸರಿಯಾಗಿ ಎರಡು ನಿಮಿಷ ತಡ. ಹಗ್ಗ ಬಿಚ್ಚಿದ ಹುಡುಗ ಅವರಿಗಾಗಿ ಮತ್ತೆ ಹಗ್ಗ ಹಿಡಿದುಕೊಂಡು ನಿಲ್ಲುತ್ತಿದ್ದ. ಹತ್ತಿದವರೇ ಆಕಾಶ ನೋಡುತ್ತಿದ್ದರು. "ಇಲಾಖೆ ಏನು ಹೇಳ್ತದೆ?" ಅಂತ ಯಾರಾದರೂ ಕೇಳಬೇಕು. ಅವರು ಕೊಡೆಯ ತುದಿಯನ್ನು ಸಮುದ್ರದ ಕಡೆ ಚಾಚಿ, ತುಂಬಾ ಯೋಚನೆ ಮಾಡಿ ಹೇಳುತ್ತಿದ್ದರು: "ಗಾಳಿ ಬಂದ್ರೆ ಮಳೆ ಬರ್ಬಹುದು. ಬರದೆಯೂ ಇರ್ಬಹುದು." 14 ವರ್ಷ ಈ ಮಾತು ಒಂದು ದಿನವೂ ತಪ್ಪಾಗಲಿಲ್ಲ ಅಂತ ಅವರದೇ ಹೆಮ್ಮೆ. ಹಾಗೆ ಹೇಳಿ ಮೊದಲು ನಗುತ್ತಿದ್ದವರೂ ಅವರೇ.

ನಗಿಸಲಿಕ್ಕೆ ಹಾಗೆ ಹೇಳುತ್ತಿದ್ದರು, ಅಷ್ಟೇ. ನಿಜಕ್ಕೂ ಗಾಳಿ ಕೆಟ್ಟಿದ್ದ ದಿನ ಅವರು ತಮಾಷೆ ಮಾಡುತ್ತಿರಲಿಲ್ಲ. ಹುಡುಗನ ಹತ್ತಿರ ಹೋಗಿ ಮೆಲ್ಲಗೆ "ಸ್ವಲ್ಪ ತಡಿ ತಮ್ಮಾ" ಅನ್ನುತ್ತಿದ್ದರು. ಅವನು ತಡೆಯುತ್ತಿದ್ದ. ನನಗೆ ಶಾಲೆಗೆ ತಡವಾದರೂ ಆ ದಿನಗಳಲ್ಲಿ ಬೇಜಾರಾಗುತ್ತಿರಲಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯನ್ನು ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಿದರು. ನಾನು ಪೇಪರು ತಂದು ದೋಣಿಯಲ್ಲಿ ಓದಿ ಹೇಳಿದೆ. ಇಳಿತದ ಹೊತ್ತು, ಬಲಗಡೆ ಹೆಂಗಸರು ನೀರಿನಲ್ಲಿ ಮುಳುಗಿ ಬಳಚು (ಚಿಪ್ಪುಮೀನು) ತೆಗೆಯುತ್ತಿದ್ದರು. ಮೀನಿನ ಅಕ್ಕ ಅತ್ತ ಕೂಗಿದಳು, "ಕೇಳಿದ್ಯೇನೇ, ನಾವೀಗ ಜಗತ್ತಿಗೆಲ್ಲಾ ಗೊತ್ತಂತೆ!" ನೀರಿನೊಳಗಿಂದ ಉತ್ತರ ಬಂತು: "ಹಾಗಾದ್ರೆ ಬಳಚಿಗೆ ಹತ್ತು ರೂಪಾಯಿ ಜಾಸ್ತಿ ಕೊಡ್ಲಿಕ್ಕೆ ಹೇಳು!" ಇಲಾಖೆಯವರು ನಕ್ಕು ನಕ್ಕು ಕೆಮ್ಮಿದರು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೇ ಕಾಳಿ ಸೇತುವೆ ಕುಸಿಯಿತು. ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರು ಎತ್ತಿದ್ದನ್ನು ಅಕ್ಕ ವಾರವಿಡೀ ಹೇಳಿದಳು, ತನ್ನ ಅಣ್ಣನೇ ಎತ್ತಿದ ಹಾಗೆ.

ಹೋದ ಮಳೆಗಾಲದಲ್ಲಿ ಇಲಾಖೆಯವರು ತೀರಿಕೊಂಡರು. ನಿದ್ದೆಯಲ್ಲೇ. ನಾವು ದೋಣಿಯವರು ಎಂಟು ಜನ ಮನೆಗೆ ಹೋಗಿದ್ದೆವು. ಅವರ ನಿಜವಾದ ಹೆಸರು ನನಗೆ ಗೊತ್ತಾಗಿದ್ದು ಅವತ್ತೇ. ಮುಂದಿನ ಸೋಮವಾರ ದೋಣಿ ಹತ್ತಿದೆವು. ಎಲ್ಲರೂ ಬಂದಾಗಿತ್ತು, ಎಂಜಿನ್ ಓಡುತ್ತಿತ್ತು. ಹುಡುಗ ಹಗ್ಗ ಹಿಡಿದುಕೊಂಡು ದಡದ ಕಡೆ ನೋಡುತ್ತಾ ನಿಂತೇ ಇದ್ದ. ಯಾರೂ ಏನೂ ಹೇಳಲಿಲ್ಲ. ಎರಡು ನಿಮಿಷ ಆಗಿರಬೇಕು. ಆಮೇಲೆ ಮೀನಿನ ಅಕ್ಕ ಅಂದಳು: "ಇಲಾಖೆಗೆ ರಜೆ ತಮ್ಮಾ. ಬಿಡು."

ಅಷ್ಟು ಹೊತ್ತು ತಡೆದುಕೊಂಡಿದ್ದವರೆಲ್ಲಾ ನಕ್ಕರು. ನಗುತ್ತಲೇ ಹಾರದ ಗೌಡ್ರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ತದಡಿ ಬರುವವರೆಗೂ ಇಲಾಖೆಯವರ ಮಾತುಗಳನ್ನೇ ಒಬ್ಬೊಬ್ಬರಾಗಿ ಹೇಳಿದೆವು. ಅವರು ಉಪ್ಪಿನ ಮಾವನ ಮಗಳ ಮದುವೆಯ ದಿನ "ಇವತ್ತು ಖಂಡಿತ ಮಳೆ ಇಲ್ಲ" ಅಂದದ್ದು, ಧಾರೆಯ ಹೊತ್ತಿಗೆ ಚಪ್ಪರ ತೋಯ್ದು ಹೋಗಿದ್ದು. ಅವರು ಖಂಡಿತ ಅಂದ ಒಂದೇ ದಿನ ಅದು. ಈಗಲೂ ಹತ್ತಿದ ಮೇಲೆ ಯಾರಾದರೊಬ್ಬರು ಇಲಾಖೆ ಏನು ಹೇಳ್ತದೆ ಅಂತ ಕೇಳುತ್ತಾರೆ. ಬೇರೊಬ್ಬರು ಆ ಉತ್ತರ ಕೊಡುತ್ತಾರೆ. ಅದಾಗದೆ ದೋಣಿ ಬಿಟ್ಟ ಹಾಗೆ ಅನ್ನಿಸುವುದಿಲ್ಲ.

ಕಷ್ಟಗಳನ್ನೂ ಹೇಳಬೇಕು. ಬೇಸಿಗೆಯ ಮಧ್ಯಾಹ್ನ ದಡದಲ್ಲಿ ಕಾಯುವುದು ತ್ರಾಸು, ಬಿಸಿಲು ತಲೆಗೇ ಹೊಡೆಯುತ್ತದೆ. ಮಳೆಗಾಲದಲ್ಲಿ ಹತ್ತಿ ಇಳಿಯುವಲ್ಲಿ ಜಾರುತ್ತದೆ, ವಯಸ್ಸಾದವರು ಯಾರದ್ದಾದರೂ ಕೈ ಹಿಡಿದುಕೊಳ್ಳಿ. ಕೇಳದಿದ್ದರೂ ಕೈ ಚಾಚುವವರು ಇರುತ್ತಾರೆ. ಹೊಳೆ ಹದ ತಪ್ಪಿದ ದಿನ ದೋಣಿ ಬಿಡುವುದಿಲ್ಲ. ಗೋಕರ್ಣದಲ್ಲಿ ಮದುವೆಯೋ ಪೂಜೆಯೋ ಇದ್ದರೆ ಒಂದು ಗಂಟೆ ಮುಂಚೆ ಹೊರಡಿ. ಶಿವರಾತ್ರಿಗೆ ಹೊರಡುವವರು ಇನ್ನೂ ಮುಂಚೆ. ಇಲ್ಲಿಗೂ ಸೇತುವೆ ಬರುತ್ತದೆ ಅನ್ನುವ ಮಾತು ದೋಣಿಯಲ್ಲಿ ಆಗಾಗ ಬರುತ್ತದೆ. ಬರಲಿ, ಆಸ್ಪತ್ರೆಗೆ ಓಡುವವರಿಗೆ ಬೇಕು. ನನಗಂತೂ ನಡೆಯಲಿಕ್ಕೆ ಆಗುವವರೆಗೆ ತಾರಿಯೇ ಇರಲಿ.

ಹೊಸಬರು ಹೋದರೆ ಬೆಳಗಿನ ದೋಣಿಗೇ ಹೋಗಿ. ಫೋನ್ ಚೀಲದಲ್ಲಿಡಿ. ಎಂಜಿನ್ ಹತ್ತಿರದ ಕಂಬಿಗೆ ಒಂದು ಕಪ್ಪು ಕೊಡೆ ತೂಗುಹಾಕಿದೆ. ಅಜ್ಜನ ಮನೆಯವರು ದೋಣಿಗೆ ಅಂತಲೇ ಕೊಟ್ಟಿದ್ದು. ಮಳೆ ಬಂದರೆ, ಬಿಸಿಲಾದರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆಚೆ ದಡದ ಕೆಲಸ ಮುಗಿಸಿ ವಾಪಸು ಬರುವಾಗ ಅಲ್ಲೇ ತೂಗುಹಾಕಬೇಕು. ಹೋದ ವಾರ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಅದನ್ನು ತೆಗೆದುಕೊಂಡು, "ಇದು ಯಾರದ್ದು?" ಅಂತ ಕೇಳಿದಳು.

"ಇಲಾಖೆಯದ್ದು," ಅಂದ ಹುಡುಗ. "ಸಂಜೆ ತಂದಿಡಿ ಅಕ್ಕಾ."

ತಂದಿಟ್ಟಿದ್ದಾಳೆ. ಸೋಮವಾರ ನೋಡಿದೆ.