ಕಾಲು ತೆಗೆದರೂ ಹಿಡಿತಕ್ಕೆ ಬಾರದ ಗಾಡಿ: ಮೈಸೂರಿನಲ್ಲಿ ಸಿವಿಟಿ ಆಟೋಮ್ಯಾಟಿಕ್ ಓಡಿಸಿದ ಅನುಭವ

ಗಾಡಿ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸಿವಿಟಿ ಗೇರ್‌ಬಾಕ್ಸ್. ಹೊಸದಾಗಿ ಕೊಂಡದ್ದು, ಮೊದಲಿನಿಂದಲೂ ಮನೆಯವರೇ ಓಡಿಸಿದ್ದು, ಈಗ ಅರವತ್ತು ಸಾವಿರ ಕಿಲೋಮೀಟರ್ ಆಸುಪಾಸಿನಲ್ಲಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳುವ ತೊಂದರೆ, ಚಾಲಕನ ಕೈಗೆ ಗೇರ್ ಕೊಡದ ಎಷ್ಟೋ ಆಟೋಮ್ಯಾಟಿಕ್‌ಗಳಲ್ಲಿ ಇರುವಂಥದ್ದೇ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಊರೊಳಗೆ ಈ ಗಾಡಿ ಸೊಗಸು. ಬೆಳಗ್ಗೆ ಒಂಬತ್ತೂವರೆಗೆ ಹಿನಕಲ್ ಕಡೆಯಿಂದ ಬರುವುದಾಗಲಿ, ದಸರಾ ಸಮಯದಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ ತೆವಳುವುದಾಗಲಿ, ಎಡಗಾಲಿಗೆ ಕೆಲಸವಿಲ್ಲ, ಗೇರ್ ಬದಲಾದ ಜರ್ಕ್ ಇಲ್ಲ. ನನ್ನ ಹೆಂಡತಿಗೆ ಮಂಡಿನೋವಿದೆ. ಕ್ಲಚ್ ತುಳಿಯುವುದು ತಪ್ಪಿದ್ದರಿಂದಲೇ ಅವಳು ಮತ್ತೆ ಡ್ರೈವಿಂಗ್ ಶುರು ಮಾಡಿದಳು. ಮೈಲೇಜು ಊರಲ್ಲಿ ಹನ್ನೆರಡರ ಹತ್ತಿರ, ಬೆಂಗಳೂರು ಹೆದ್ದಾರಿಯಲ್ಲಿ ನೂರರೊಳಗೆ ಓಡಿಸಿದರೆ ಹದಿನೇಳು. ಎಸಿ, ಸಸ್ಪೆನ್ಷನ್, ಸೀಟು ಯಾವುದರಲ್ಲೂ ದೂರಿಲ್ಲ. ದೂರಿರುವುದು ಒಂದೇ ವಿಷಯದಲ್ಲಿ, ಅದೂ ಜೀವಕ್ಕೆ ಸಂಬಂಧಪಟ್ಟ ವಿಷಯದಲ್ಲಿ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈ ಗಾಡಿಯನ್ನು ಇಂಜಿನ್ ಹಿಡಿದುಕೊಳ್ಳುವುದಿಲ್ಲ.

ಮ್ಯಾನ್ಯುಯಲ್ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂರನೇ ಗೇರಿನಲ್ಲಿ ಹೋಗುತ್ತಿದ್ದೀರಿ, ಮುಂದೆ ಹಂಪ್ ಕಾಣಿಸಿತು. ಕಾಲು ತೆಗೆದ ಕೂಡಲೇ ಗಾಡಿ ತಾನಾಗಿಯೇ ವೇಗ ಕಳೆದುಕೊಳ್ಳುತ್ತದೆ, ಹಂಪ್ ಹತ್ತಿರ ಬರುವಾಗ ಬ್ರೇಕಿಗೆ ಉಳಿಯುವ ಕೆಲಸ ಸ್ವಲ್ಪವೇ. ನಮ್ಮ ಬಡಾವಣೆಗಳಲ್ಲಿ ಹಂಪ್‌ಗಳಿಗೆ ಬರವಿಲ್ಲ ಎಂದು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಈ ಗಾಡಿಯಲ್ಲಿ ಕಾಲು ತೆಗೆದರೆ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಮುಳ್ಳು ಸಾವಿರದ ಮುನ್ನೂರಕ್ಕೆ ಇಳಿದು ಮಲಗಿಬಿಡುತ್ತದೆ, ಗಾಡಿ ಮಾತ್ರ ನ್ಯೂಟ್ರಲ್‌ನಲ್ಲಿ ಬಿಟ್ಟಂತೆ ಸಾಗುತ್ತಲೇ ಇರುತ್ತದೆ. ಪ್ರತಿ ಹಂಪಿಗೂ, ಪ್ರತಿ ಸಿಗ್ನಲ್ಲಿಗೂ ಪೂರ್ತಿ ಕೆಲಸ ಬ್ರೇಕ್ ಪ್ಯಾಡಿನದ್ದೇ. ಮೊದಲ ದಿನ ಓಡಿಸಿ ಬಂದ ನನ್ನ ಹೆಂಡತಿ ಕೇಳಿದ್ದೂ ಇದನ್ನೇ: "ರೀ, ಕಾಲು ತೆಗೆದ್ರೂ ಇದು ಓಡ್ತಾನೇ ಇರುತ್ತಲ್ಲ, ಯಾಕೆ?"

ಕಾರಣ ಗೇರ್‌ಬಾಕ್ಸಿನ ಒಳಗಿದೆ. ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಸಾಲಿಲ್ಲ. ಶಂಕುವಿನಾಕಾರದ ಎರಡು ಪುಲ್ಲಿಗಳು, ನಡುವೆ ಉಕ್ಕಿನ ಬೆಲ್ಟು. ಪ್ರತಿ ಪುಲ್ಲಿಯ ಎರಡು ಹೋಳುಗಳು ಹತ್ತಿರ ಬಂದಂತೆ, ದೂರ ಸರಿದಂತೆ ಗೇರ್ ಅನುಪಾತ ಬದಲಾಗುತ್ತದೆ. ಯಾವ ಅನುಪಾತ ಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ಕಾಲು ತೆಗೆದ ತಕ್ಷಣ ಅದು ಅತಿ ಎತ್ತರದ ಅನುಪಾತಕ್ಕೆ ಹೋಗಿ ಇಂಜಿನ್ ಸುತ್ತನ್ನು ಆದಷ್ಟು ಕಡಿಮೆ ಇಡುತ್ತದೆ, ಮೈಲೇಜ್ ಉಳಿಯಲಿ ಎಂದು. ಆದರೆ ಪೆಟ್ರೋಲ್ ಇಂಜಿನ್ ಗಾಡಿಯನ್ನು ತಡೆಯುವುದೇ ಸುತ್ತಿನ ಬಲದಿಂದ. ಥ್ರಾಟಲ್ ಮುಚ್ಚಿದಾಗ ಪಿಸ್ಟನ್‌ಗಳು ಗಾಳಿ ಸಿಗದೆ ನಿರ್ವಾತದ ವಿರುದ್ಧ ಎಳೆಯಬೇಕಾಗುತ್ತದೆ. ಸುತ್ತು ಹೆಚ್ಚಿದ್ದಷ್ಟೂ ಆ ತಡೆ ಹೆಚ್ಚು, ಸುತ್ತು ಕುಸಿದರೆ ತಡೆಯೂ ಇಲ್ಲ.

ಮೈಲೇಜ್ ಲೆಕ್ಕವೂ ಇಲ್ಲಿ ನಮ್ಮ ರಸ್ತೆಗೆ ಹೊಂದುವುದಿಲ್ಲ. ಷೋರೂಮಿನಲ್ಲಿ ಹೇಳುವ ಎಆರ್‌ಎಐ (ವಾಹನ ಪರೀಕ್ಷಾ ಸಂಸ್ಥೆ) ಮೈಲೇಜ್ ಅಂಕಿ ಪ್ರಯೋಗಾಲಯದಲ್ಲಿ, ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಪಡೆದದ್ದು. ರೋಲರ್ ಮೇಲೆ ಘಾಟಿ ಇಳಿಯುವ ಪ್ರಶ್ನೆ ಬರುವುದಿಲ್ಲ. ನಮಗೆ ಮಾತ್ರ ಒಂದು ಕಡೆ ಚಾಮುಂಡಿ ಬೆಟ್ಟ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ರಜೆ ಬಂದರೆ ಊಟಿ, ಮಡಿಕೇರಿ. ಮಂಡ್ಯದ ಹತ್ತಿರ ಹಗ್ಗ ಎಳೆದಂತೆ ನೇರ ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯೇ ಮಡಿಕೇರಿ ದಾಟಿದ ಮೇಲೆ ಸಂಪಾಜೆ ಘಾಟಿಯಾಗಿ ಇಳಿಯುತ್ತದೆ. ಇಲ್ಲಿ ಗಾಡಿ ಮಾರುವವರು ಘಾಟಿಯನ್ನು ಮರೆತು ಗೇರ್‌ಬಾಕ್ಸ್ ಮಾಡಬಾರದು.

ಚಾಮುಂಡಿ ಬೆಟ್ಟದ್ದೇ ಲೆಕ್ಕ ನೋಡೋಣ. ಊರಿಗೂ ಬೆಟ್ಟದ ನೆತ್ತಿಗೂ ಎತ್ತರದ ವ್ಯತ್ಯಾಸ ಸುಮಾರು 300 ಮೀಟರ್. ಜನ ಕೂತ ಗಾಡಿಯ ತೂಕ 1,200 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟಿನಷ್ಟು. ಒಂದು ಬಕೆಟ್ ತಣ್ಣೀರನ್ನು ಕುದಿ ಬರುವವರೆಗೂ ಕಾಯಿಸಬಲ್ಲಷ್ಟು ಶಾಖ ಅದು. ಗಾಳಿ ಮತ್ತು ಟೈರು ಒಂದು ಪಾಲು ತೆಗೆದುಕೊಳ್ಳುತ್ತವೆ. ಇಂಜಿನ್ ತನ್ನ ಪಾಲು ಹೊರದಿದ್ದರೆ ಉಳಿದದ್ದೆಲ್ಲ ಡಿಸ್ಕ್ ಮತ್ತು ಡ್ರಮ್ಮುಗಳ ತಲೆಗೆ.

ಅದು ಹೇಗಿರುತ್ತದೆ ಎಂದು ಹೇಳುತ್ತೇನೆ. ವ್ಯೂ ಪಾಯಿಂಟ್ ದಾಟಿ ಇಳಿಯುತ್ತಿದ್ದೇನೆ, ಲಿವರ್ ಡಿಯಲ್ಲಿ (ಮಾಮೂಲಿ ಓಟದ ಸ್ಥಾನ), ವೇಗ ನಲವತ್ತು, ಎರಡೂ ಪೆಡಲಿನಿಂದ ಕಾಲು ತೆಗೆದಿದ್ದೇನೆ. ಮುಳ್ಳು ನಲವತ್ತೈದು, ಐವತ್ತು, ಐವತ್ತೈದು ಎಂದು ಏರುತ್ತಲೇ ಹೋಗುತ್ತದೆ. ಇಂಜಿನ್ ಸದ್ದೇ ಇಲ್ಲ. ಮುಂದೆ ತಿರುವು, ತಿರುವಿನಾಚೆ ಏರಿ ಬರುತ್ತಿರುವ ನಗರ ಸಾರಿಗೆ ಬಸ್ಸು, ಪಕ್ಕದಲ್ಲಿ ಸೆಲ್ಫಿಗೆ ನಿಂತ ಹುಡುಗರು. ಬ್ರೇಕ್ ತುಳಿದರೆ ಮೂವತ್ತಕ್ಕೆ ಬರುತ್ತದೆ, ಬಿಟ್ಟರೆ ಮತ್ತೆ ಐವತ್ತಕ್ಕೆ ಓಡುತ್ತದೆ. ಕೆಳಗೆ ಬಂದು ಗಾಡಿ ನಿಲ್ಲಿಸಿ ಮುಂದಿನ ಚಕ್ರದ ಹತ್ತಿರ ಕೈ ಹಿಡಿದರೆ ಒಲೆಯೆದುರು ಹಿಡಿದ ಹಾಗೆ ಬಿಸಿ, ಪ್ಯಾಡು ಸೀದ ವಾಸನೆ. ಭಾನುವಾರ ಸಂಜೆ ಬೆಟ್ಟದ ಬುಡದಲ್ಲಿ ಎಷ್ಟೋ ಗಾಡಿಗಳ ಸುತ್ತ ಇದೇ ವಾಸನೆ ಇರುತ್ತದೆ.

ಇನ್ನೊಂದು ತೊಂದರೆಯನ್ನು ಯಾರೂ ಹೇಳುವುದಿಲ್ಲ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಹಿಂದಿನ ಕೆಂಪು ದೀಪ ದಾರಿಯುದ್ದಕ್ಕೂ ಉರಿಯುತ್ತಲೇ ಇರುತ್ತದೆ. ನಾನು ನಿಜವಾಗಿಯೂ ಜೋರಾಗಿ ಬ್ರೇಕ್ ಹಾಕಿದ್ದು ಯಾವಾಗ ಎಂದು ಹಿಂದೆ ಬರುವವನಿಗೆ ಗೊತ್ತಾಗುವುದೇ ಇಲ್ಲ.

"ಎಲ್‌ಗೆ ಹಾಕಿ" ಎನ್ನುತ್ತಾರೆ. ಹಾಕುತ್ತೇನೆ. ನನ್ನ ಗಾಡಿಯ ಲಿವರ್‌ನಲ್ಲಿ ಡಿ, ಎಸ್ (ಸ್ಪೋರ್ಟ್), ಎಲ್ (ಲೋ, ಅಂದರೆ ಕೆಳಗಿನ ಗೇರ್) ಇವೆ. ಎಸ್‌ಗೆ ಹಾಕಿದರೆ ಸುತ್ತು ಒಂದು ಐನೂರು ಏರುತ್ತದೆ, ಬೆಟ್ಟಕ್ಕೆ ಅದು ಏನೇನೂ ಸಾಲದು. ಎಲ್‌ಗೆ ಹಾಕಿದರೆ ಒಮ್ಮೆಲೇ ನಾಲ್ಕು ಸಾವಿರ ದಾಟಿ ಕಿರುಚಿಕೊಳ್ಳುತ್ತದೆ, ಗಾಡಿ ಮುಗ್ಗರಿಸಿದಂತಾಗಿ ಹಿಂದಿನ ಸೀಟಿನವರು ಮುಂದೆ ಬಾಗುತ್ತಾರೆ. ಬೆಟ್ಟದ ಬಹುಭಾಗಕ್ಕೆ ಬೇಕಾದದ್ದು ಇವೆರಡರ ನಡುವಿನ ಹಿಡಿತ, ಮ್ಯಾನ್ಯುಯಲ್‌ನ ಎರಡನೇ ಗೇರಿನಂಥದ್ದು. ಅದಕ್ಕೆ ಈ ಗಾಡಿಯಲ್ಲಿ ಜಾಗವೇ ಇಲ್ಲ. ಸಿವಿಟಿಯಲ್ಲಿ ಬೇಕಾದ ಯಾವ ಅನುಪಾತವನ್ನಾದರೂ ಹಿಡಿದಿಡಬಹುದು ಎನ್ನುವಾಗ ಈ ಕೊರತೆ ಇನ್ನಷ್ಟು ಕೋಪ ತರಿಸುತ್ತದೆ. ಕೆಲವು ಸಿವಿಟಿಗಳಲ್ಲಿ ಸ್ಟೀರಿಂಗ್ ಹಿಂದೆ ಪ್ಯಾಡಲ್ ಶಿಫ್ಟರ್ ಕೊಟ್ಟು ಆರೇಳು ಮೆಟ್ಟಿಲು ಮಾಡಿಕೊಡುತ್ತಾರೆ. ಇನ್ನು ಕೆಲವು, ಇಳಿಜಾರನ್ನು ತಾವೇ ಗುರುತಿಸಿ ಸುತ್ತನ್ನು ಏರಿಸುತ್ತವೆ. ಅಂದ ಮೇಲೆ ಯಂತ್ರಕ್ಕೆ ಶಕ್ತಿಯಿದೆ. ನಮಗೆ ಸಿಗದಿರುವುದು ಎರಡು ಗುಂಡಿ ಮತ್ತು ಒಂದಿಷ್ಟು ತಂತ್ರಾಂಶ.

ಸರ್ವಿಸ್ ಸೆಂಟರಿನಲ್ಲಿ ಕೇಳಿದ್ದೇನೆ. ಮೂವತ್ತು ಸಾವಿರ ದಾಟುವ ಮೊದಲೇ ಮುಂದಿನ ಪ್ಯಾಡ್ ಬದಲಾಯಿಸಬೇಕಾಯಿತು. ನನ್ನ ಹಿಂದಿನ ಮ್ಯಾನ್ಯುಯಲ್ ಗಾಡಿಯಲ್ಲಿ ಅವು ಐವತ್ತರ ಹತ್ತಿರ ಬಂದಿದ್ದವು, ದಾರಿ ಅದೇ, ಓಡಿಸುವವನೂ ನಾನೇ.

"ನೀವು ಬ್ರೇಕ್ ಜಾಸ್ತಿ ಹಿಡೀತೀರ ಸಾರ್" ಎಂದರು ಅಡ್ವೈಸರ್.

"ಗಾಡಿ ತಾನಾಗಿ ಹಿಡಿಯಲ್ವಲ್ಲಪ್ಪ, ಇನ್ನೇನು ಮಾಡ್ಲಿ?"

"ಸಿವಿಟಿ ಅಂದ್ರೆ ಎಲ್ಲಾ ಹಿಂಗೇ ಸಾರ್. ಅಭ್ಯಾಸ ಆಗೋಗುತ್ತೆ."

ಲಿಖಿತವಾಗಿ ಕೇಳಿದಾಗ ಬಂದ ಉತ್ತರ: ಗಾಡಿ ಕಂಪನಿಯ ಮಾನದಂಡದ ಪ್ರಕಾರವೇ ಕೆಲಸ ಮಾಡುತ್ತಿದೆ. ಅದು ನಿಜ ಎಂದೇ ನಂಬುತ್ತೇನೆ. ನನ್ನ ತಕರಾರಿರುವುದು ಆ ಮಾನದಂಡದ ಮೇಲೆಯೇ.

ಊಟಿಯಿಂದ ಬರುವಾಗ ಇದು ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. 36 ಹೇರ್‌ಪಿನ್ ತಿರುವುಗಳ ಕಲ್ಲಹಟ್ಟಿ ಘಾಟಿಯಲ್ಲಿ ಹೊರಗಿನ ಪ್ರವಾಸಿ ಗಾಡಿಗಳನ್ನು ಇಳಿಯಲು ಬಿಡುವುದಿಲ್ಲ, ಹಾಗಾಗಿ ಗೂಡಲೂರಿನ ದಾರಿ ಹಿಡಿಯಬೇಕು. ಸುಮಾರು ಐವತ್ತು ಕಿಲೋಮೀಟರ್‌ನಲ್ಲಿ ಸಾವಿರ ಮೀಟರಿಗೂ ಹೆಚ್ಚು ಇಳಿತ. ಅಂದರೆ ಚಾಮುಂಡಿ ಬೆಟ್ಟವನ್ನು ಮೂರು ಸಲ ಬಿಡದೆ ಇಳಿದುದಕ್ಕಿಂತ ಹೆಚ್ಚು. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚುತ್ತದೆಂದು ಸಂಜೆ ಹೊತ್ತು ಎಲ್ಲರಿಗೂ ಅವಸರ ಬೇರೆ. ಇಂಥ ಕಡೆ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಶಾಖ ಅಲ್ಲಿಂದ ಬ್ರೇಕ್ ಆಯಿಲ್‌ಗೂ ಹೋಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಅದು ಗಾಳಿಯ ತೇವ ಹೀರಿಕೊಂಡ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಕಟ್ಟುತ್ತದೆ, ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಈ ಗಾಡಿ ಇಟ್ಟುಕೊಂಡವರು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ, ಸರ್ವಿಸಿನವರು "ಚೆನ್ನಾಗಿದೆ" ಎಂದರೂ ಸರಿಯೇ.

ನಾನು ಈಗ ಇಳಿಸುವ ರೀತಿ ಹೀಗಿದೆ. ಇಳಿಜಾರು ಶುರುವಾಗುವ ಮೊದಲೇ, ಮಟ್ಟಸ ಜಾಗದಲ್ಲಿ ವೇಗ ಮೂವತ್ತಕ್ಕೆ ತಂದು ಎಲ್‌ಗೆ ಹಾಕುತ್ತೇನೆ. ವೇಗ ಏರಿದ ಮೇಲೆ ಹಾಕಿದರೆ ಆ ಜರ್ಕ್ ತಪ್ಪಿದ್ದಲ್ಲ, ರಸ್ತೆ ಒದ್ದೆಯಿದ್ದರೆ ಮುಂದಿನ ಚಕ್ರ ಜಾರಲೂಬಹುದು. ಇಂಜಿನ್ ಸದ್ದಿಗೆ ಹೆದರುವುದಿಲ್ಲ, ಕೂತವರಿಗೂ ಮೊದಲೇ ಹೇಳಿರುತ್ತೇನೆ. ಎಷ್ಟೋ ಜನ ಅಷ್ಟು ಆರ್‌ಪಿಎಂ ಎಂದರೆ ಅಷ್ಟು ಪೆಟ್ರೋಲ್ ಎಂದುಕೊಂಡಿದ್ದಾರೆ. ಕಾಲು ತೆಗೆದಿರುವಾಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಬಂದ್ ಆಗಿರುತ್ತವೆ. ನಾಲ್ಕು ಸಾವಿರ ಸುತ್ತಿನಲ್ಲೂ ಮೀಟರಿನ ಮೈಲೇಜ್ ಪಟ್ಟಿ ತುದಿ ಮುಟ್ಟಿಯೇ ಇರುತ್ತದೆ. ಪೆಟ್ರೋಲ್ ಖರ್ಚಾಗುವುದು ನ್ಯೂಟ್ರಲ್‌ಗೆ ಹಾಕಿ ಇಳಿದರೆ, ಏಕೆಂದರೆ ಆಗ ಇಂಜಿನ್ ಐಡಲಿಂಗಿನಲ್ಲಿ ಉರಿಯುತ್ತಲೇ ಇರಬೇಕು. ಕೀ ಆಫ್ ಮಾಡಿ ಇಳಿಸುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ನಿರ್ವಾತ ಮುಗಿದು ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಕೂಡ ಕೈಕೊಡುತ್ತದೆ. ಎಲ್‌ನಲ್ಲಿದ್ದೂ ವೇಗ ಏರಿದರೆ ಒಮ್ಮೆ ಗಟ್ಟಿಯಾಗಿ ತುಳಿದು ಪೂರ್ತಿ ಬಿಡುತ್ತೇನೆ, ಡಿಸ್ಕಿಗೆ ಆರಲು ಸಮಯ ಸಿಗಲಿ ಎಂದು.

ಆಟೋಮ್ಯಾಟಿಕ್ಕೇ ಬೇಡ ಎಂದು ನಾನು ಹೇಳುತ್ತಿಲ್ಲ. 2014ರಲ್ಲಿ ಸೆಲೆರಿಯೋ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿಯನ್ನು (ಕ್ಲಚ್, ಗೇರನ್ನು ಯಂತ್ರವೇ ಹಾಕುವ ಮ್ಯಾನ್ಯುಯಲ್ ಗೇರ್‌ಬಾಕ್ಸ್) ಜರ್ಕ್ ಹೊಡೆಯುತ್ತದೆಂದು ಜನ ಬೈಯುತ್ತಾರೆ, ಬೈಯುವುದರಲ್ಲಿ ಸತ್ಯವೂ ಇದೆ. ಆದರೆ ಅದರಲ್ಲಿ ಲಿವರನ್ನು ಎಮ್‌ಗೆ (ಮ್ಯಾನ್ಯುಯಲ್) ತಳ್ಳಿ ಎರಡನೇ ಗೇರ್ ಹಾಕಿಕೊಂಡರೆ ಇಂಜಿನ್ ಮತ್ತು ಚಕ್ರದ ನಡುವೆ ಮ್ಯಾನ್ಯುಯಲ್‌ನಂತೆಯೇ ನೇರ ಸಂಬಂಧ, ಗಾಡಿ ಹೇಳಿದ ಮಾತು ಕೇಳುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿಕೊಟ್ಟದ್ದನ್ನು ಎಎಂಟಿಯಲ್ಲಿ ಪಾಲಿಸಬಹುದು, ನನ್ನ ಗಾಡಿಯಲ್ಲಿ ಆಗುವುದಿಲ್ಲ. ಟಾರ್ಕ್ ಕನ್ವರ್ಟರ್, ಡಿಸಿಟಿ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್‌ಗಳಲ್ಲೂ ಡಿಯಲ್ಲೇ ಬಿಟ್ಟರೆ ಮೇಲಿನ ಗೇರಿಗೆ ಹೋಗುವ ಚಾಳಿ ಇದೆ, ಆದರೆ ಪ್ಯಾಡಲ್ ಇದ್ದರೆ ಚಿಂತೆಯಿಲ್ಲ. ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಹಿಡಿಯುತ್ತದೆ, ಬೆಟ್ಟ ಇಳಿದ ಶಕ್ತಿಯ ಒಂದು ಪಾಲು ಬ್ಯಾಟರಿಗೆ ವಾಪಸ್ಸು. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಆ ಹಿಡಿತ ಕಡಿಮೆಯಾಗುತ್ತದೆ, ಮೇಲೆ ಚಾರ್ಜ್ ಮಾಡಿ ಇಳಿಯುವವರು ನೆನಪಿಟ್ಟುಕೊಳ್ಳಬೇಕು. ಹಿಲ್ ಹೋಲ್ಡ್ ಇದೆ ಎಂದು ಷೋರೂಮಿನಲ್ಲಿ ಹೇಳಿದರೆ ಇಳಿಜಾರಿಗೆ ಅದರಿಂದ ಉಪಯೋಗವಿಲ್ಲ. ಅದಿರುವುದು ಏರಿನಲ್ಲಿ ಹೊರಡುವಾಗ ಗಾಡಿ ಹಿಂದೆ ಜಾರದಿರಲಿ ಎಂದು.

ನನ್ನ ರೇಟಿಂಗ್ ಊರೊಳಗೆ ಐದಕ್ಕೆ ನಾಲ್ಕೂವರೆ, ಇಳಿಜಾರಿನಲ್ಲಿ ಒಂದೂವರೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಮಟ್ಟಸ ದಾರಿಯಲ್ಲೇ ಓಡಾಡುವವರು ಕಣ್ಣುಮುಚ್ಚಿ ಕೊಳ್ಳಬಹುದು. ತಿಂಗಳಿಗೊಮ್ಮೆಯಾದರೂ ಬೆಟ್ಟ ಹತ್ತುವವರು ಅಡ್ವಾನ್ಸ್ ಕೊಡುವ ಮೊದಲು ಟೆಸ್ಟ್ ಡ್ರೈವ್‌ಗೆ ರಿಂಗ್ ರೋಡ್ ಬೇಡ, ಚಾಮುಂಡಿ ಬೆಟ್ಟಕ್ಕೆ ಹೋಗೋಣ ಎಂದು ಗಟ್ಟಿಯಾಗಿ ಕೇಳಿ. ಹತ್ತುವಾಗ ಪಿಕಪ್ ನೋಡಿ ಖುಷಿಪಟ್ಟು ಸುಮ್ಮನಾಗಬೇಡಿ. ಇಳಿಯುವಾಗ ವ್ಯೂ ಪಾಯಿಂಟ್ ಆದ ಮೇಲೆ, ಹಿಂದೆ ಮುಂದೆ ಗಾಡಿ ಇಲ್ಲದ ಕಡೆ, ನಲವತ್ತರಲ್ಲಿ ಕಾಲು ತೆಗೆದು ಬ್ರೇಕಿನ ಮೇಲೆ ಸಿದ್ಧವಾಗಿಟ್ಟುಕೊಂಡು ಮುಳ್ಳು ನೋಡಿ. ಆಮೇಲೆ ಅದರಲ್ಲಿ ಇರುವ ಎಲ್, ಎಸ್, ಎಮ್, ಪ್ಯಾಡಲ್ ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ. ಆಷಾಢ ಶುಕ್ರವಾರ ಮಾತ್ರ ಬೇಡ, ಆ ದಿನ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ.